ಎಂಟು ಅಂಗ ಅಂದರೆ ಎಂಟು ಮೆಟ್ಟಿಲಾ?

ಪ್ರಶ್ನೆ: ನಾವು ಶಿಡ್ಲಘಟ್ಟದವರು. ಮನೆಯಲ್ಲೇ ರೇಷ್ಮೆ ರೀಲಿಂಗ್ ಇದೆ. ಎಂಟು ತಿಂಗಳಿಂದ ಯೋಗ ತರಗತಿಗೆ ಹೋಗುತ್ತಿದ್ದೇನೆ. ಆಸನಗಳು ಪರವಾಗಿಲ್ಲ. ಆದರೆ ಕಣ್ಣು ಮುಚ್ಚಿ ಕೂತರೆ ಸಾಲ, ಮಕ್ಕಳ ಫೀಸು, ಗೂಡಿನ ರೇಟು ಎಲ್ಲ ತಲೆಗೆ ಬರುತ್ತದೆ. ಸತ್ಯ, ಶುಚಿಯಂಥ ನಡತೆಯ ನೇಮಗಳಾದ ಯಮ, ನಿಯಮ ಪೂರ್ತಿ ಸಾಧಿಸಿದವರಿಗೇ ಧ್ಯಾನ ಅಂತ ಒಬ್ಬರು ಹೇಳಿದರು. ಹಾಗಾದರೆ ನನ್ನಂಥವರಿಗೆ ಇದು ಆಗಲ್ವಾ?

ಉತ್ತರ: ಆಗುತ್ತದಮ್ಮ, ಖಂಡಿತ ಆಗುತ್ತದೆ.

ನಂದಿಯಲ್ಲಿ ಭೋಗನಂದೀಶ್ವರ ಕೆಳಗೆ, ಯೋಗನಂದೀಶ್ವರ ಬೆಟ್ಟದ ಮೇಲೆ. ಅದನ್ನು ನೋಡಿ ಬೆಳೆದ ನಮಗೆ ಯೋಗ ಅಂದರೆ ಮೆಟ್ಟಿಲು ಹತ್ತಿ ಮುಟ್ಟುವ ಜಾಗ ಅನ್ನಿಸುವುದು ಸಹಜ. ಆದರೆ ಯಮದಿಂದ ಸಮಾಧಿವರೆಗಿನ ಯೋಗದ ಎಂಟು ಭಾಗಗಳಿಗೆ ಯೋಗಸೂತ್ರ ಬರೆದ ಪತಂಜಲಿ ಬಳಸಿದ ಪದ 'ಅಂಗ'. ಮಗುವಿನ ಕೈಕಾಲು ಒಟ್ಟಿಗೇ ಬೆಳೆಯುತ್ತವೆ, ಅಲ್ವಾ? ಕ್ರಮವೇ ಇಲ್ಲ ಅಂತಲ್ಲ. ಆಸನ ನೆಲೆಯಾದ ಮೇಲೆ ಪ್ರಾಣಾಯಾಮ ಎಂದು ಯೋಗಸೂತ್ರವೇ ಹೇಳುತ್ತದೆ. ಯಮ, ನಿಯಮ ಮಾತ್ರ ಬದುಕಿರುವಷ್ಟು ದಿನ ಜೊತೆಗಿರುವಂಥವು. ಬೆಳಿಗ್ಗೆ ತೂಕದಲ್ಲಿ ಮೋಸ ಮಾಡಿದರೆ ಸಂಜೆ ಕೂತಾಗ ಅದೇ ಕಣ್ಣ ಮುಂದೆ ಬರುತ್ತದೆ. ಮನಸ್ಸು ಹಗುರವಾಗಲಿ ಅಂತಲೇ ಸತ್ಯ, ಅಸ್ತೇಯವನ್ನು (ಕದಿಯದಿರುವುದನ್ನು) ಮೊದಲು ಇಟ್ಟಿದ್ದಾರೆ.

ಇನ್ನು ಆಸನ. ಸೂತ್ರಗಳು ಒಟ್ಟು 195, ಕೆಲವು ಪ್ರತಿಗಳಲ್ಲಿ 196. ಆಸನಕ್ಕೆ ಸಿಕ್ಕಿರುವುದು ಮೂರೇ! ಅಲುಗಾಡದೆ ಸುಖವಾಗಿ ಕೂರಲು ಬಂದರೆ ಸಾಕು ಅನ್ನುವುದು ಅವುಗಳ ಸಾರ.

ಯೋಗಸೂತ್ರದ ಹಿಂದಿರುವುದು ಸಾಂಖ್ಯ ದರ್ಶನ ಎಂಬ ತತ್ವಶಾಸ್ತ್ರ. ನೋಡುವವನು ಪುರುಷ, ಕಾಣುವುದೆಲ್ಲ ಪ್ರಕೃತಿ. ಮನಸ್ಸು ಕೂಡ ಪ್ರಕೃತಿಯ ಕಡೆಯದೇ. ಅಂದರೆ ಸಾಲದ ಚಿಂತೆ ನಿಮಗೆ ಕಾಣುತ್ತಿರುವ ಒಂದು ವಸ್ತು, ಅದೇ ನೀವಲ್ಲ. ಕಾಣುವುದನ್ನೇ ನಾನು ಅಂದುಕೊಳ್ಳುವುದಕ್ಕೆ ಅವಿದ್ಯೆ ಎಂದು ಹೆಸರು.

ನಿಮ್ಮ ಚರಕದ ಮುಂದೆ ಕೂತವರನ್ನೇ ನೋಡಿ. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿರುತ್ತದೆ, ಎಳೆ ತುಂಡಾಗುತ್ತದೆ. ಅವರು ಬೈಯುತ್ತಾ ಕೂರುವುದಿಲ್ಲ. ಬೆರಳ ತುದಿಯಲ್ಲಿ ಎಳೆ ಹುಡುಕಿ ಮತ್ತೆ ಸೇರಿಸುತ್ತಾರೆ. ಹಾಗೆ ಮನಸ್ಸನ್ನು ತಂದು ತಂದು ಒಂದೇ ಕಡೆ ಸೇರಿಸುವುದು ಧಾರಣೆ. ಎಳೆ ತುಂಡಾಗದೆ ಓಡುತ್ತಾ ಇದ್ದರೆ ಅದು ಧ್ಯಾನ. ನೋಡುತ್ತಿರುವ ನಾನು ಅನ್ನುವುದೂ ಮರೆತು ಆ ವಸ್ತು ಮಾತ್ರ ಉಳಿದರೆ ಸಮಾಧಿ. ನೀವು ಸೋಲು ಅಂದುಕೊಂಡಿರುವುದು ನನ್ನ ಲೆಕ್ಕದಲ್ಲಿ ಧಾರಣೆಯ ಕೆಲಸವೇ. ಮನಸ್ಸು ಓಡಿತು ಅಂತ ನಿಮಗೆ ಗೊತ್ತಾಯಿತಲ್ಲ!

ಸದ್ಯಕ್ಕೆ ಬೆಳಿಗ್ಗೆ ಹತ್ತು ನಿಮಿಷ ಕೂರಿ. ಮಂಡಿ ನೋವಿದ್ದರೆ ಕುರ್ಚಿ ಆಗುತ್ತದೆ. ಸುಮ್ನೆ ಉಸಿರು ಬಂದುಹೋಗುವುದನ್ನು ಗಮನಿಸಿ. ಬಿಪಿ ಇದ್ದರೆ ಉಸಿರು ಬಿಗಿಹಿಡಿಯುವ ಕುಂಭಕ ಬೇಡ.