ಇಂಗ್ಲೆಂಡಿನ ಉದ್ದಬಿಲ್ಲಿಗೆ ಯೂ ಮರವನ್ನೇ ಯಾಕೆ ಆರಿಸುತ್ತಿದ್ದರು?

ಯೂ (yew) ಎಂಬ ಯುರೋಪಿನ ನಿತ್ಯಹಸಿರು ಮರದ ಒಂದೇ ತುಂಡಿನಲ್ಲಿ ಎರಡು ಗುಣ ಸಿಗುತ್ತವೆ. ತೊಗಟೆಯ ಕೆಳಗಿನ ಬಿಳಿ ಪದರ ಎಳೆತವನ್ನು ತಾಳುತ್ತದೆ, ಒಳಗಿನ ಕೆಂಪು ಚೇಗು ಒತ್ತಡವನ್ನು. ಬಿಲ್ಲು ಬಾಗಿದಾಗ ಗುರಿಯ ಕಡೆಗಿನ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿನದು ಕುಗ್ಗುತ್ತದೆ ಅಲ್ವಾ? ಅದಕ್ಕೇ ಬಿಳಿ ಭಾಗ ಹೊರಕ್ಕೆ, ಚೇಗು ಒಳಕ್ಕೆ ಬರುವಂತೆ ಕೆತ್ತುತ್ತಿದ್ದರು. ಹೊರಮೈಯ ಎಳೆ ಎಲ್ಲೂ ಕಡಿಯಬಾರದು, ಕಡಿದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ನನ್ನ ಪ್ರಕಾರ ಮರದ ಜಾತಿಗಿಂತ ಇದೇ ಜಾಸ್ತಿ ಮುಖ್ಯ. ಯೂ ಸಿಗದವರು ಆಶ್, ಎಲ್ಮ್ ಮರ ಬಳಸುತ್ತಿದ್ದರು.

ನಿಧಾನವಾಗಿ ಬೆಳೆದ, ಗಂಟಿಲ್ಲದ ಯೂ ಮರ ಇಂಗ್ಲೆಂಡಿನಲ್ಲಿ ಸಾಕಾಗುತ್ತಿರಲಿಲ್ಲ. ವೆನಿಸ್ ಮುಂತಾದ ಕಡೆಯಿಂದ ಬರುವ ಹಡಗುಗಳು ಸರಕಿನ ಪ್ರತಿ ಟನ್ನಿಗೆ 4 ಬಿಲ್ಲುಗೋಲು (ಬಿಲ್ಲು ಕೆತ್ತಲು ಬಳಸುವ ಮರದ ಕೋಲು) ತರಬೇಕೆಂದು 1472ರಲ್ಲಿ ಕಾನೂನೇ ಬಂತು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ 130ಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕಿವೆ.