ಮೀನಿನ ಇಂಜೆಕ್ಷನ್ ಕಪ್ಪೆಗೆ ಹಾಕಬಹುದಾ?

ರೋಹು ಮರಿ ಮಾಡಿಸೋಕೆ ತಂದ ಓವಾಪ್ರಿಮ್ (ಮೀನು ಮೊಟ್ಟೆ ಇಡಲಿ ಅಂತ ಕೊಡುವ ಹಾರ್ಮೋನ್ ಇಂಜೆಕ್ಷನ್) ಮಿಕ್ಕಿದೆ, ತೊಟ್ಟಿಯಲ್ಲಿರುವ ಆಫ್ರಿಕನ್ ಕ್ಲಾಡ್ ಫ್ರಾಗ್ ಜೋಡಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಸರ್, ಅಂದಾಜಿನ ಮೇಲೆ ಚುಚ್ಚಬೇಡಿ.

ಹಾಗಂತ ನಿಮ್ಮ ಯೋಚನೆ ತಲೆಬುಡ ಇಲ್ಲದ್ದೇನಲ್ಲ. ಓವಾಪ್ರಿಮ್‌ನಲ್ಲಿರುವ ಜಿಎನ್‌ಆರ್‌ಎಚ್ ತರಹದ ಹಾರ್ಮೋನ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಡೋಂಪೆರಿಡೋನ್ ಅದಕ್ಕಿರುವ ತಡೆ ತೆಗೆಯುತ್ತದೆ. ಕಪ್ಪೆಗಳಿಗೂ ಇದೇ ಲೆಕ್ಕದ ಮಿಶ್ರಣ ಉಂಟು, ಆಂಫಿಪ್ಲೆಕ್ಸ್ ಅಂತ. ಆದರೆ ಮೀನಿಗೆ ಕೆಜಿ ಲೆಕ್ಕದಲ್ಲಿ ಬರೆದ ಡೋಸನ್ನು ಅಂಗೈಯಗಲದ ಕಪ್ಪೆಗೆ ಇಳಿಸೋಕೆ ಆಗಲ್ಲ.

ನಿಮ್ಮ ಕಪ್ಪೆಯ ಜಾತಿಗೆ ಚೆನ್ನಾಗಿ ಒಗ್ಗುವುದು ಎಚ್‌ಸಿಜಿ ಅನ್ನೋ ಹಾರ್ಮೋನ್. ಬಸುರಿಯರ ಮೂತ್ರದಲ್ಲಿರುವುದೂ ಅದೇ. 1930ರ ದಶಕದಿಂದ ಎಷ್ಟೋ ವರ್ಷ ಆಸ್ಪತ್ರೆಗಳು ಆ ಮೂತ್ರವನ್ನು ಇದೇ ಕಪ್ಪೆಗೆ ಚುಚ್ಚಿ, ಮಾರನೇ ದಿನ ಮೊಟ್ಟೆ ಬಿದ್ದರೆ ಹೆಂಗಸು ಬಸುರಿ ಅಂತ ಹೇಳುತ್ತಿದ್ದವು! ಈಗ ಲ್ಯಾಬ್‌ಗಳಲ್ಲಿ ಹೆಣ್ಣಿಗೆ ಮೊದಲು ಸಣ್ಣ ಡೋಸ್, ಕೆಲವು ದಿನ ಬಿಟ್ಟು ದೊಡ್ಡದು ಕೊಡುತ್ತಾರೆ. ಬೆನ್ನಿನ ಚರ್ಮದಡಿ ಇರುವ ದುಗ್ಧರಸದ ಚೀಲಕ್ಕೆ ಚುಚ್ಚುತ್ತಾರೆ. ಆಮೇಲೆ ಕೆಲವು ತಿಂಗಳು ಆ ಹೆಣ್ಣನ್ನು ಮುಟ್ಟುವುದಿಲ್ಲ. ಇದು ಪಶುವೈದ್ಯರ ಕೈಯಲ್ಲೇ ಆಗಬೇಕಾದ ಕೆಲಸ. ಬೇರೆ ಎಷ್ಟೋ ಕಪ್ಪೆಗಳಿಗೆ ಎಚ್‌ಸಿಜಿ ಅಷ್ಟಾಗಿ ನಾಟುವುದೇ ಇಲ್ಲ, ಹಾಗಾಗಿ ಇದನ್ನೇ ಎಲ್ಲದಕ್ಕೂ ಹಚ್ಚಬೇಡಿ.

ಇನ್ನೊಂದು ಮಾತು. ಹಾರ್ಮೋನ್ ಮಾಡುವುದು ಕೊನೆಯ ಹಂತದ ಕೆಲಸ ಮಾತ್ರ. ಹೊಟ್ಟೆಯಲ್ಲಿ ಮೊಟ್ಟೆ ಬಲಿತಿರದಿದ್ದರೆ ಸೂಜಿಯ ನೋವಷ್ಟೇ ಲಾಭ. ಹೆಣ್ಣು ಮೇಲಿಂದ ನೋಡಿದಾಗ ಸೀಬೆಕಾಯಿ ಆಕಾರಕ್ಕೆ ತುಂಬಿಕೊಂಡಿದೆಯಾ? ಗಂಡಿನ ಮುಂಗೈಯ ಒಳಭಾಗ ಕಪ್ಪಾಗಿ, ಮುಟ್ಟಿದರೆ ಒರಟಾಗಿದೆಯಾ? ಎರಡೂ ಇಲ್ಲ ಅಂದ್ರೆ ಒಂದೆರಡು ತಿಂಗಳು ಎರೆಹುಳ ಹಾಕಿ ಮೇಯಿಸಿ. ಇದ್ದರೆ ಮೊದಲು ಇಂಜೆಕ್ಷನ್ ಇಲ್ಲದೇ ನೋಡಿ. ತೊಟ್ಟಿಯ ನೀರು ಸ್ವಲ್ಪ ಇಳಿಸಿ, ಕ್ಲೋರಿನ್ ಹೋದ ತಣ್ಣೀರನ್ನು ಸಂಜೆ ನಿಧಾನಕ್ಕೆ ಸೇರಿಸಿ, 20-22 ಡಿಗ್ರಿಯಲ್ಲಿ ಇಡಿ. ಲೈಟ್ ಆರಿಸಿ ಆ ಕಡೆ ಹೋಗಲೇಬೇಡಿ. ಮಳೆ ಬಂತು ಅಂದುಕೊಂಡು ಎಷ್ಟೋ ಜೋಡಿಗಳು ತಾವಾಗಿಯೇ ಕೂಡುತ್ತವೆ. ಗಂಡು ಹೆಣ್ಣಿನ ಸೊಂಟ ಹಿಡಿದರೆ ಕೆಲಸ ಶುರುವಾಯಿತು ಅಂತ. ತಳದಲ್ಲಿ ಮೊದಲೇ ಪ್ಲಾಸ್ಟಿಕ್ ಜಾಲರಿ ಹಾಕಿರಿ, ಇಲ್ಲದಿದ್ದರೆ ಇಟ್ಟ ಮೊಟ್ಟೆಯನ್ನು ಅವೇ ತಿಂದು ಮುಗಿಸುತ್ತವೆ.

ಗದ್ದೆಯ ಗೋಂಕರುಗಪ್ಪೆಗೂ (ಬುಲ್‌ಫ್ರಾಗ್) ಹೀಗೇ ಮರಿ ಮಾಡಿಸೋಣ ಅಂತ ಇನ್ನೊಬ್ಬರು ಬರೆದಿದ್ದಾರೆ. ಅದು ವನ್ಯಜೀವಿ ಕಾಯ್ದೆಗೆ ಸೇರಿದ ಪ್ರಾಣಿ, ಹಿಡಿಯಲೇ ಬೇಡಿ. ಹಾಗೆಯೇ ನಿಮ್ಮ ಮರಿ ಜಾಸ್ತಿ ಆದರೆ ಕೆರೆಗೆ ಬಿಡಬೇಡಿ. ಚಿಲಿ, ಫ್ರಾನ್ಸ್‌ಗಳಲ್ಲಿ ಈ ಕಪ್ಪೆ ಹೊರಗೆ ಬಿದ್ದು ಬೇರು ಬಿಟ್ಟಿದೆ, ಬೇರೆ ಕಪ್ಪೆಗಳನ್ನು ಕೊಲ್ಲಬಲ್ಲ ಕೈಟ್ರಿಡ್ ಶಿಲೀಂಧ್ರವನ್ನೂ ಹೊತ್ತು ತಿರುಗುತ್ತದೆ. ಒಂದು ಸಲಕ್ಕೆ ಸಾವಿರದ ಲೆಕ್ಕದಲ್ಲಿ ಮೊಟ್ಟೆ ಇಡಬಹುದು, ಯಾರ್‍ಯಾರಿಗೆ ಕೊಡುತ್ತೀರಿ ಅಂತ ಈಗಲೇ ಯೋಚಿಸಿ.