ಬೀಡಿ ಕಟ್ಟುತ್ತಿದ್ದವರು ತೀರಿಕೊಂಡರೆ ಅವರ ಪಿಂಚಣಿ ಯಾರಿಗೆ? ಮಂಜೇಶ್ವರದಿಂದ ಒಂದು ಉತ್ತರ

ಊರಿನ ಮುಕ್ಕಾಲು ಪಾಲು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಿದ್ದರೆಂದು ನಾನು ಬರೆದುದನ್ನು ಓದಿ ತಾವು ಒಂದು ಪ್ರಶ್ನೆ ಕೇಳಿದ್ದೀರಿ. ಹಾಗೆ ದುಡಿದವರು ಪಿಂಚಣಿಯ ವಯಸ್ಸಾದ 58 ವರ್ಷ ತುಂಬುವ ಮೊದಲೇ ತೀರಿಕೊಂಡರೆ ಅವರ ಪಿಂಚಣಿಯ ಹಣ ಏನಾಗುತ್ತದೆ ಎಂಬುದು ಆ ಪ್ರಶ್ನೆ. ಆ ಹಣ ಮುಳುಗಿ ಹೋಗುವುದಿಲ್ಲ, ಅದು ಮನೆಯವರಿಗೆ ಸೇರಬೇಕಾದದ್ದು. ಆದರೆ ನಮ್ಮ ಕಡೆ ಅದು ಸೇರಬೇಕಾದವರನ್ನು ಸೇರದೆ ಉಳಿದುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ನೆರೆಕರೆಯವರ ಅರ್ಜಿಗಳನ್ನು ತುಂಬಿಕೊಡುವುದು ನನ್ನ ಪಾಲಿಗೆ ಬಂದ ಕೆಲಸವಾದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಗಡಿಯ ತಲಪಾಡಿಯಿಂದ ಈಚೆ ಇರುವ ನಮ್ಮ ಬದುಕಿನ ವ್ಯವಹಾರ ಇಂದಿಗೂ ಬಹುಮಟ್ಟಿಗೆ ಮಂಗಳೂರಿನೊಂದಿಗೇ ನಡೆಯುತ್ತದೆ. ಬೀಡಿಯ ಕೆಲಸವೂ ಹಾಗೆಯೇ. ಕಂಪೆನಿ ಮಂಗಳೂರಿನದು, ಅದರ ಬ್ರಾಂಚ್ ನಮ್ಮ ಊರಿನದು. ಅಲ್ಲಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಮನೆಯ ಜಗಲಿಯಲ್ಲಿ ಕುಳಿತು ಕಟ್ಟಿ, ಸಾವಿರದ ಲೆಕ್ಕದಲ್ಲಿ ಬ್ರಾಂಚಿಗೆ ಒಪ್ಪಿಸಿ ಬರುತ್ತಿದ್ದರು. ಮನೆಯಲ್ಲಿ ಕುಳಿತು ಕಟ್ಟುವವರು ಕಾರ್ಮಿಕರೇ ಅಲ್ಲ ಎಂಬ ವಾದವೂ ಒಂದು ಕಾಲದಲ್ಲಿ ಇತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಅವರನ್ನು ಕಾರ್ಮಿಕರೆಂದು ಒಪ್ಪಿತು. 1977ರಲ್ಲಿ ಭವಿಷ್ಯನಿಧಿ (ಪಿಎಫ್) ಕಾಯ್ದೆಯನ್ನು ಬೀಡಿ ಉದ್ಯಮಕ್ಕೂ ಅನ್ವಯಿಸಿದರು. ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಕೊಡಲೇಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದ ಮೇಲೆ ಆ ವಾದ ಮುಗಿಯಿತು. ಹೀಗೆ ಹೋರಾಡಿ ದಕ್ಕಿಸಿಕೊಂಡ ಹಕ್ಕು ಇದು ಎಂಬುದು ನಮ್ಮ ಇಂದಿನ ಮಕ್ಕಳಿಗೂ ತಿಳಿದಿರಲಿ ಎಂದು ಇಲ್ಲಿ ಹೇಳುತ್ತಿದ್ದೇನೆ.

ಬೀಡಿ ಉದ್ಯಮದಲ್ಲಿ ಕಾರ್ಮಿಕರ ಮಜೂರಿಯಿಂದ ನೂರಕ್ಕೆ 10ರಂತೆ ಹಿಡಿಯುತ್ತಾರೆ, ಮಾಲೀಕರೂ ಅಷ್ಟೇ ಸೇರಿಸಬೇಕು. ಮಾಲೀಕರು ಸೇರಿಸುವ 10ರಲ್ಲಿ 8.33 ಪಾಲು 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 1.67 ಮಾತ್ರ ಪಿಎಫ್ ಖಾತೆಯಲ್ಲಿ ಉಳಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಕಂಪೆನಿಯ ಪಾಲು ಇಷ್ಟು ಕಡಿಮೆ ಏಕೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ವಿವರಿಸುವುದು ಇದನ್ನೇ. ಆ ಹಣ ಕಾಣೆಯಾಗಿಲ್ಲ, ತಿಂಗಳು ತಿಂಗಳು ಬರಬೇಕಾದ ಪಿಂಚಣಿಯ ರೂಪದಲ್ಲಿ ಬೇರೆ ಕಡೆ ಇದೆ.

ಆದ್ದರಿಂದ ದುಡಿಯುತ್ತಿದ್ದವರು ತೀರಿಕೊಂಡಾಗ ಮನೆಯವರು ಕೇಳಿ ಪಡೆಯಬೇಕಾದುದು ಮೂರು ಬಗೆಯ ಹಣ. ಮೊದಲನೆಯದು ಪಿಎಫ್ ಖಾತೆಯಲ್ಲಿರುವ ಇಡುಗಂಟು ಮತ್ತು ಅದರ ಬಡ್ಡಿ. ಇದು ನಾಮಿನಿಗೆ ಸಲ್ಲುತ್ತದೆ, ಇದನ್ನು ಎಲ್ಲರೂ ಬಲ್ಲರು. ಎರಡನೆಯದು 1976ರ ಠೇವಣಿ ಆಧಾರಿತ ವಿಮೆ. ಇದಕ್ಕಾಗಿ ಕಾರ್ಮಿಕರಿಂದ ಒಂದು ಪೈಸೆಯನ್ನೂ ಹಿಡಿಯದ ಕಾರಣ ಹೆಚ್ಚಿನವರಿಗೆ ಇಂತಹದೊಂದು ಇದೆಯೆಂಬುದೇ ಗೊತ್ತಿರುವುದಿಲ್ಲ. ಕೆಲಸದಲ್ಲಿರುವಾಗಲೇ ತೀರಿಕೊಂಡವರು ಅದಕ್ಕೆ ಮುಂಚಿನ 12 ತಿಂಗಳು ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ 2.5 ಲಕ್ಷ ರೂಪಾಯಿ, ಮಜೂರಿ ಮತ್ತು ಠೇವಣಿಯ ಲೆಕ್ಕದ ಮೇಲೆ ಗರಿಷ್ಠ 7 ಲಕ್ಷದವರೆಗೆ ಬರುತ್ತದೆ. ಮೂರನೆಯದು ಕುಟುಂಬ ಪಿಂಚಣಿ, ತಾವು ಕೇಳಿದುದು ಇದನ್ನೇ.

ಹತ್ತು ವರ್ಷದ ಸೇವೆ ಆಗದಿದ್ದರೆ ಮನೆಯವರಿಗೂ ಪಿಂಚಣಿ ಇಲ್ಲ ಎಂಬ ಒಂದು ತಪ್ಪು ತಿಳಿವಳಿಕೆ ಇಲ್ಲಿ ಬಲವಾಗಿ ಬೇರೂರಿದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕೆಂಬ ನಿಯಮ ವಯಸ್ಸಾಗಿ ನಿವೃತ್ತರಾಗುವವರಿಗೆ ಇರುವಂಥದ್ದು. ಕೆಲಸದಲ್ಲಿರುವಾಗಲೇ ತೀರಿಕೊಂಡವರ ಮಟ್ಟಿಗೆ ಒಂದೇ ಒಂದು ತಿಂಗಳ ವಂತಿಗೆ ಪಾವತಿಯಾಗಿದ್ದರೂ ಮನೆಯವರಿಗೆ ಪಿಂಚಣಿಯ ಹಕ್ಕು ಇದೆ. ಮೊತ್ತ ದೊಡ್ಡದಲ್ಲ. ಪಿಂಚಣಿಗೆ ಲೆಕ್ಕ ಹಿಡಿಯುವ ಸರಾಸರಿ ಮಜೂರಿ 7,000 ರೂಪಾಯಿ, ಸೇವೆ 18 ವರ್ಷ ಎಂದಿಟ್ಟುಕೊಂಡರೆ, ಎರಡನ್ನೂ ಗುಣಿಸಿ 70ರಿಂದ ಭಾಗಿಸಿದಾಗ 1,800 ಬರುತ್ತದೆ. ಯೋಜನೆಯ ಕೋಷ್ಟಕದಲ್ಲಿ ಆ ಮಜೂರಿಗೆ ಇದಕ್ಕಿಂತ ಹೆಚ್ಚಿನ ಮೊತ್ತ ಇದ್ದರೆ ಅದನ್ನು ಕೊಡಬೇಕು. ಯಾವ ಲೆಕ್ಕದಲ್ಲಿಯೂ 1,000ಕ್ಕಿಂತ ಕಡಿಮೆ ಕೊಡುವಂತಿಲ್ಲ. ಇದರ ಜತೆಗೆ ಇಬ್ಬರು ಮಕ್ಕಳಿಗೆ, ಆ ಪಿಂಚಣಿಯ ತಲಾ ಕಾಲು ಭಾಗದಂತೆ, 25 ವರ್ಷ ತುಂಬುವವರೆಗೆ ಮಕ್ಕಳ ಪಿಂಚಣಿ ಸಿಗುತ್ತದೆ. ಮೊದಲ ಮಗುವಿಗೆ 25 ತುಂಬಿದರೆ ಮೂರನೆಯ ಮಗುವಿನ ಸರದಿ ಬರುತ್ತದೆ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಕಾಲು ಭಾಗದ ಬದಲು ಮುಕ್ಕಾಲು ಭಾಗ ಸಲ್ಲುತ್ತದೆ.

ಈಗ ನನ್ನನ್ನು ಹೆಚ್ಚು ನೋಯಿಸುವ ವಿಷಯಕ್ಕೆ ಬರುತ್ತೇನೆ. ಯೋಜನೆಯಲ್ಲಿ ಇದಕ್ಕೆ ವಿಧವಾ ಪಿಂಚಣಿ ಎಂಬ ಹೆಸರಿರುವುದರಿಂದ ಇದು ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಮಾತ್ರ ಎಂದು ನಮ್ಮಲ್ಲಿ ತಿಳಿದಿದ್ದಾರೆ. ಆದರೆ ನಮ್ಮ ಊರಿನಲ್ಲಿ ಪಿಎಫ್ ಖಾತೆ ಇದ್ದದ್ದೇ ಹೆಂಗಸರ ಹೆಸರಿನಲ್ಲಿ. ಗಂಡಸರು ತೆಂಗಿನಕಾಯಿ ಕೀಳಲು, ಮೀನಿಗೆ, ತೋಟದ ಕೆಲಸಕ್ಕೆ ಹೋಗುವವರು. ಹೆಂಡತಿ ತೀರಿಕೊಂಡರೆ ಗಂಡನಿಗೂ ಅದೇ ಪಿಂಚಣಿ, ಅದೇ ಮೊತ್ತ, ಮರುಮದುವೆಯಾಗದೆ ಇರುವಷ್ಟು ಕಾಲ ಸಲ್ಲುತ್ತದೆ. ನಮ್ಮ ಮನೆಯ ಮೇಲಿನ ದಿಣ್ಣೆಯಲ್ಲಿ ಇದ್ದ ಒಬ್ಬ ಅಕ್ಕ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗಂಡನಿಗೆ, ನಾವೆಲ್ಲ ಭಾವ ಎಂದು ಕರೆಯುವವರಿಗೆ, ಪಿಎಫ್ ಹಣ ಸಿಕ್ಕಿತು. ಪಿಂಚಣಿಯ ಮಾತೆತ್ತಿದಾಗ ‘ಅದು ಹೆಂಗಸರಿಗೆ ಮಾತ್ರ’ ಎಂದು ಯಾರೋ ಹೇಳಿ ಕಳುಹಿಸಿದರು. ಎರಡು ವರ್ಷ ಕಳೆದ ಮೇಲೆ ಬೇರೆ ಯಾವುದೋ ಕಾಗದಕ್ಕಾಗಿ ನನ್ನ ಬಳಿ ಬಂದಾಗ ಇದು ತಿಳಿಯಿತು. ಆಗ ಪಿಂಚಣಿಯ 10-ಡಿ ಅರ್ಜಿಯನ್ನೂ ವಿಮೆಯ ಅರ್ಜಿಯನ್ನೂ ಒಟ್ಟಿಗೆ ಹಾಕಿಸಿದೆ.

ಅರ್ಜಿ ಮೂರು ಬಾರಿ ಮರಳಿ ಬಂತು. ಗಡಿನಾಡಿನ ಕಷ್ಟ ಇರುವುದು ಇಲ್ಲಿಯೇ. ಆ ಅಕ್ಕ ಕನ್ನಡ ಶಾಲೆಯಲ್ಲಿ ಕಲಿತವರು, ಬ್ರಾಂಚಿನವರು ಅವರ ಹೆಸರನ್ನು ಗಂಡನ ಹೆಸರಿನೊಂದಿಗೆ ಬರೆದುಕೊಂಡಿದ್ದರು. ರೇಷನ್ ಕಾರ್ಡ್ ಮಲಯಾಳದಲ್ಲಿತ್ತು, ಅದರಲ್ಲಿ ಹೆಸರಿನ ಜತೆಗೆ ಮನೆಹೆಸರು ಇತ್ತು. ಪಂಚಾಯತಿನ ಮರಣಪತ್ರದಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇರೆಯಾಗಿದ್ದವು. ‘ಸರಸ್ವತಿ’ ಎಂಬ ಹೆಸರಿನ ಕೊನೆಯ ‘ತಿ’ಯನ್ನು ಒಂದು ಕಚೇರಿಯವರು ಟಿ-ಐ ಎಂದು ಬರೆದರೆ ಇನ್ನೊಂದು ಕಚೇರಿಯವರು ಟಿ-ಎಚ್-ಐ ಎಂದು ಬರೆಯುತ್ತಾರೆ. ನಮ್ಮ ಕಿವಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಇಬ್ಬರು ಹೆಂಗಸರು. ಬದುಕಿರುವವರ ಹೆಸರನ್ನು ಕಂಪೆನಿಯ ಮೂಲಕ ತಿದ್ದಿಸಬಹುದು. ತೀರಿಕೊಂಡವರ ಪರವಾಗಿ ಇಬ್ಬರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ಪತ್ರ ತಂದು ನಿರೂಪಿಸಬೇಕಾಯಿತು, ಆ ಪತ್ರ ಮಲಯಾಳದಲ್ಲಿದ್ದುದರಿಂದ ಅದರ ಅನುವಾದವನ್ನೂ ಕೇಳಿದರು. ದಿನಗೂಲಿ ಬಿಟ್ಟು ಭಾವ ಎಷ್ಟು ಬಾರಿ ಬಸ್ಸು ಹತ್ತಿದರೆಂದು ನಾನು ಲೆಕ್ಕ ಇಡಲಿಲ್ಲ.

ಮದುವೆಯಾಗದೆ ಉಳಿದ ಅಕ್ಕಂದಿರ ಮಾತನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಬೀಡಿ ಕಟ್ಟಿ ತಮ್ಮ ತಂಗಿಯರನ್ನು ದಡ ಸೇರಿಸಿದ ಅಂಥವರು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ. ಗಂಡ, ಮಕ್ಕಳು ಇಲ್ಲದ ಸದಸ್ಯರು ತಮಗೆ ಬೇಕಾದ ಒಬ್ಬರನ್ನು ಪಿಂಚಣಿಗೂ ನಾಮಿನಿಯಾಗಿ ಮಾಡಬಹುದು. ಹಾಗೆ ಮಾಡದೆ ತೀರಿಕೊಂಡರೆ ಪಿಂಚಣಿ ಅವರನ್ನೇ ನಂಬಿದ್ದ ತಂದೆಗೆ, ಆ ಬಳಿಕ ತಾಯಿಗೆ ಹೋಗುತ್ತದೆ. ಅವರಿಬ್ಬರೂ ಇಲ್ಲದಿದ್ದರೆ, ಕೊನೆಗಾಲದಲ್ಲಿ ಆರೈಕೆ ಮಾಡಿದ ತಂಗಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಇನ್ನೊಂದು ಕಡೆ, ಮದುವೆಗೆ ಮೊದಲು ಅಮ್ಮನ ಹೆಸರು ಬರೆಸಿದ್ದವರು ಮದುವೆಯಾದ ಕೂಡಲೇ ಆ ಪಿಎಫ್ ನಾಮಿನೇಶನ್ ಕಾನೂನಿನ ಪ್ರಕಾರ ರದ್ದಾಗುತ್ತದೆ, ಹೊಸದಾಗಿ ಬರೆಸಬೇಕು. ಈಗ ಇದನ್ನು ಕೇರಳ ಸರಕಾರದ ಅಕ್ಷಯ ಸೇವಾ ಕೇಂದ್ರದಲ್ಲಿ ಆಧಾರ್ ಮೂಲಕ ಆನ್‌ಲೈನ್‌ನಲ್ಲಿಯೇ ಮಾಡಿಸಬಹುದು.

ಎಲೆ ಸರಿಯಾಗಿ ಬಾರದೆ ಬ್ರಾಂಚುಗಳು ಮುಚ್ಚಿ, ಕೆಲಸ ಬಿಟ್ಟವರು ನಮ್ಮಲ್ಲಿ ತುಂಬ ಜನ. ಅಂಥವರಿಗೆ ಹತ್ತು ವರ್ಷದ ಸೇವೆ ತುಂಬಿದ್ದು, 58ರ ಮೊದಲು ಅವರು ತೀರಿಕೊಂಡರೆ ಆಗಲೂ ಮನೆಯವರಿಗೆ ಪಿಂಚಣಿ ಇದೆ, ವಿಮೆ ಮಾತ್ರ ಇರುವುದಿಲ್ಲ. ಖಾತೆಯಲ್ಲಿ ಹಣ ಉಳಿದಿಲ್ಲ ಎಂಬ ಕಾರಣಕ್ಕೆ ಪಿಂಚಣಿಯೂ ಇಲ್ಲವೆಂದು ಕೈಬಿಡುವ ಮನೆಗಳನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ.

2025ರ ಜನವರಿಯಿಂದ ಈ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನಲ್ಲಾದರೂ ಪಡೆಯಬಹುದಾಗಿದೆ. ಕಂಪೆನಿ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ ಇರುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಭಾವನಿಗೆ ಕೊನೆಗೂ ಮಂಜೂರಾತಿ ಬಂತು. ಪಿಂಚಣಿ ಸಲ್ಲುವುದು ಮರಣದ ಮರುದಿನದಿಂದ ಆದುದರಿಂದ ಹಿಂದಿನ ಬಾಕಿಯೂ ಒಟ್ಟಿಗೆ ಬಂತು, ಕಲಿಯುತ್ತಿದ್ದ ಮಗನ ಪಾಲೂ ಸೇರಿತ್ತು. ಅವರೀಗ ವರ್ಷಕ್ಕೊಮ್ಮೆ ಜೀವಂತ ಇರುವ ಪ್ರಮಾಣಪತ್ರಕ್ಕಾಗಿ ಬೆರಳು ಒತ್ತಿ ಬರುತ್ತಾರೆ. ಅರ್ಜಿಯ ಜತೆಗೆ ಇಟ್ಟಿದ್ದ ಆ ಅಕ್ಕನ ಹಳೆಯ ಬ್ರಾಂಚ್ ಪುಸ್ತಕವನ್ನು ಮಾತ್ರ ನನ್ನಿಂದ ಮರಳಿ ಕೇಳಿ ಪಡೆದು, ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.